ಮೆಷಿನ್ ಗುಬ್ಬಿಗೆ ಹೋದ ಮೇಲೆ

ಗುಬ್ಬಿಯಲ್ಲಿ ಎರಡನೇ ಅಂಗಡಿಗೆ ಮಳಿಗೆ ನೋಡಿ ಅಡ್ವಾನ್ಸ್ ಕೊಟ್ಟು ಬಂದ ವಾರವೇ ಮಗಳ ಎಲ್‌ಕೆಜಿ ಮಿಸ್ ತುಮಕೂರಿನ ನಮ್ಮ ಅಂಗಡಿಗೆ ಬಂದರು. ಅವರು ಕಾಫಿ ಪುಡಿಗೆ ಬರುತ್ತಿದ್ದವರೇ. ಕಂಡ ಕೂಡಲೇ ನಾನು ಅವರ ಎಂದಿನ ಅಳತೆಯ ಬೀಜ ತೂಗಿ ಮೆಷಿನ್ನಿಗೆ ಸುರಿದು ಸ್ವಿಚ್ ಒತ್ತಿದೆ. ಅವರು ಏನೋ ಹೇಳಿದರು. ಚಿಕೋರಿ ಕಡಿಮೆ ಇರಲಿ ಅನ್ನುತ್ತಿರಬಹುದು ಎಂದುಕೊಂಡು ತಲೆಯಾಡಿಸಿದೆ. ಅವರು ಕೌಂಟರ್ ಸುತ್ತಿಕೊಂಡು ಒಳಗೆ ಬಂದು ನನ್ನ ಕಿವಿಯ ಹತ್ತಿರ ಕೂಗಿದರು.

“ಸಾರ್, ಒಂದ್ನಿಮಿಷ ಮೆಷಿನ್ ನಿಲ್ಸಿ!”

ನಿಲ್ಲಿಸಿದೆ.

“ನಾನು ಎದುರಿಗೆ ನಿಂತು ಹೇಳಿದ್ರೆ ನಿಮ್ಮ ಮಗಳು ಎಲ್ಲಾ ಮಾಡ್ತಾಳೆ. ಬೋರ್ಡ್ ಕಡೆ ತಿರುಗಿ ಹೇಳಿದ್ರೆ ಸುಮ್ನೆ ಕೂತಿರ್ತಾಳೆ. ಪಕ್ಕದ ಮಕ್ಕಳು ಏನ್ ಮಾಡ್ತಾರೋ ನೋಡ್ಕೊಂಡು ಆಮೇಲೆ ಮಾಡ್ತಾಳೆ. ಒಂದ್ಸಲ ಕಿವಿ ತೋರ್ಸಿ ಸಾರ್.”

ಮಗಳು ನಮಗೆ ಬೆನ್ನು ಹಾಕಿ ಬೀಜದ ಮೂಟೆಯ ಮೇಲೆ ಕೂತಿದ್ದಳು. ಡಬ್ಬದ ಮುಚ್ಚಳದಲ್ಲಿ ಕಾಫಿ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮಿಸ್ “ಪುಟ್ಟಿ” ಎಂದು ಕರೆದರು. ನಾನು ಕರೆದೆ. ಕೌಂಟರಿನಿಂದ ಹೆಂಡತಿ ಎರಡು ಸಲ ಕರೆದಳು, ಎರಡನೇ ಸಲ ಗಂಟಲು ಹರಿಯುವ ಹಾಗೆ. ಕಾಫಿ ಕುಡಿಯುತ್ತಾ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮಗಳು ಇನ್ನೊಂದು ಬೀಜ ಇಟ್ಟಳು.

“ಮೆಷಿನ್ ಶುರುವಾದ್ರೆ ತಿರುಗಿ ನೋಡ್ತಾಳಲ್ಲ ಮಿಸ್,” ಎಂದೆ. ಅವರು ಪುಡಿಯನ್ನೂ ತೆಗೆದುಕೊಳ್ಳದೆ ಹೋದರು.

ನಮ್ಮದು ಸಣ್ಣ ಅಂಗಡಿ. ಮುಂದೆ ನಿಂತುಕೊಂಡು ಕಾಫಿ ಕುಡಿಯುವ ಕೌಂಟರು, ಅದರ ಹಿಂದೆ ಮೂಟೆಗಳು, ಗೋಡೆಗೊತ್ತಿ ಪುಡಿ ಮಾಡುವ ಮೆಷಿನ್ನು, ಅದರ ಪಕ್ಕದಲ್ಲೊಂದು ಬಾಗಿಲು, ಬಾಗಿಲಾಚೆ ನಮ್ಮ ಮನೆ. ಬೀಜ ಹುರಿಯುವುದು, ಪುಡಿ ಮಾಡುವುದು ನನ್ನ ಕೆಲಸ. ಡಿಕಾಕ್ಷನ್ ಇಳಿಸಿ ಕೌಂಟರ್ ನಡೆಸುವುದು ಹೆಂಡತಿಯದು. ಮನೆಯಲ್ಲಿ ನನ್ನ ಅಮ್ಮ ಇದ್ದರು. ಮೆಷಿನ್ ಓಡುವಾಗ ಮೂವರಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕೈಯಲ್ಲೇ ನಮ್ಮ ವ್ಯವಹಾರ. ಹಾಲು ಬೇಕೆಂದರೆ ಒಂದು ಸನ್ನೆ, ಚಿಲ್ಲರೆ ಬೇಕೆಂದರೆ ಒಂದು, ಊಟಕ್ಕೆ ಬಾ ಅನ್ನುವುದಕ್ಕೆ ಒಂದು. ಮಗಳು ನಡೆಯಲು ಕಲಿಯುವ ಮೊದಲೇ ಇವನ್ನೆಲ್ಲ ಕಲಿತಿದ್ದಳು. ಚುರುಕು ಎಂದುಕೊಂಡಿದ್ದೆವು. ಮೆಷಿನ್ನಿನ ಪಕ್ಕದಲ್ಲೇ ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ವ್ಯಾಪಾರಸ್ಥರ ಮನೆಯ ಕೂಸು ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆವು. ಮಾತು ಬರಲಿಲ್ಲವಲ್ಲ ಎಂದು ಹೆಂಡತಿ ಕೇಳಿದಾಗೆಲ್ಲ ಅಮ್ಮ, “ನಮ್ಮಣ್ಣನೂ ಐದು ವರ್ಷಕ್ಕೇ ಕಣೇ ಬಾಯಿ ಬಿಟ್ಟಿದ್ದು. ಬುಡು, ಬರ್ತದೆ” ಅನ್ನುತ್ತಿದ್ದರು. ಮಗಳಿಗೆ ಐದು ತುಂಬುತ್ತಾ ಬಂದಿತ್ತು.

ತುಮಕೂರಿನ ಕಿವಿ ಡಾಕ್ಟರು ನೋಡಿ ಮೈಸೂರಿಗೆ ಹೋಗಿ ಎಂದರು. ಹೆಂಡತಿಯ ತವರು ಕುಣಿಗಲ್ಲು. ಮೈಸೂರಿನ ಬಸ್ಸು ಆ ದಾರಿಯಲ್ಲೇ ಹೋಗುವುದು. ನಮ್ಮ ಮಾವ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದರು. ಕಿಟಕಿಯಿಂದಲೇ ಡಬ್ಬಿ ಕೊಟ್ಟು, ಮೊಮ್ಮಗಳ ಕೆನ್ನೆ ಹಿಂಡಿ, “ಏನೂ ಇರಲ್ಲ ಬುಡಿ ಅಳಿಯಂದ್ರೆ” ಎಂದರು. ಆಮೇಲೆ ಎಷ್ಟೋ ವರ್ಷ ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಡಬ್ಬಿ ಹಿಡಿದು ನಿಂತರು. ಆ ಮಾತನ್ನು ಮಾತ್ರ ಮತ್ತೆ ಹೇಳಲಿಲ್ಲ.

ಮೈಸೂರಿನಲ್ಲಿ ಗೋಡೆಗಳಿಗೆಲ್ಲ ಮೆತ್ತೆ ಹಾಕಿದ ಒಂದು ಕೋಣೆಯಲ್ಲಿ ಪರೀಕ್ಷೆ. ತಲೆಗೆ ಹೆಡ್‌ಫೋನ್ ಹಾಕಿ ಕೈಗೆ ಮಣಿಗಳನ್ನು ಕೊಟ್ಟರು. ಸದ್ದು ಕೇಳಿದಾಗ ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ಮಗಳು ಟಕಟಕನೆ ಹಾಕತೊಡಗಿದಳು. ನಾನು ಹೆಂಡತಿಯ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ತುಂಬಿ ನಗು ಬಂದಿತ್ತು. ಆದರೆ ಪರೀಕ್ಷೆ ಮಾಡುತ್ತಿದ್ದ ಮೇಡಂ ಪೆನ್ನು ಕೆಳಗಿಟ್ಟು, “ನನ್ನ ಮುಖ ನೋಡ್ಕೊಂಡು ಹಾಕ್ತಿದಾಳೆ” ಎಂದು ಎದ್ದು ಮಗಳ ಬೆನ್ನ ಹಿಂದೆ ಹೋಗಿ ಕೂತರು. ಅಲ್ಲಿಂದ ಮುಂದೆ ಕೈಯಲ್ಲಿದ್ದ ಮಣಿ ಕೈಯಲ್ಲೇ ಉಳಿಯಿತು.

“ನಮ್ಮದು ಕಾಫಿ ಪುಡಿ ಮೆಷಿನ್ ಇದೆ ಮೇಡಂ. ಅದ್ರಿಂದ ಏನಾದ್ರೂ ಆಯ್ತಾ?” ಎಂದು ಕೇಳಿದೆ.

“ಕಿವುಡು ಇಷ್ಟೊಂದು ಇರೋದು ನೋಡಿದ್ರೆ ಹುಟ್ಟಿದಾಗ್ಲಿಂದ್ಲೇ ಇರ್ಬೇಕು. ಮೆಷಿನ್ನಿಂದ ಅಂತ ಹೇಳಕ್ಕಾಗಲ್ಲ.”

ಮೆಷಿನ್ ಶುರುವಾದಾಗ ನೆಲ ಅದುರಿದ್ದು ಮೈಗೆ ತಿಳಿದು ತಿರುಗಿ ನೋಡುತ್ತಿದ್ದಳೇ ಹೊರತು ಸದ್ದು ಕೇಳಿ ಅಲ್ಲ ಎಂದೂ ಅವರೇ ವಿವರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಹೇಳಿದಳು. “ಮೆಷಿನ್ನಿಂದ ಅಲ್ಲ ಅಂತಾನೂ ಹೇಳ್ಲಿಲ್ವಲ್ರೀ.”

ಅಲ್ಲಿಯ ಟೀಚರ್ ಒಬ್ಬರು ನಮಗೆ ಪಾಠ ಹೇಳಿಕೊಟ್ಟರು. ಹೆಂಡತಿ, ಮಗಳು ಅಲ್ಲೇ ಒಂದು ರೂಮು ಹಿಡಿದು ಕೆಲವು ತಿಂಗಳು ಇದ್ದು ಕಲಿತರು. ತಾಯಿಯೇ ಕಲಿತು ತಾಯಿಯೇ ಕಲಿಸಬೇಕು, ಅದು ಅಲ್ಲಿಯ ಪದ್ಧತಿ. ಎದ್ದಾಗಿನಿಂದ ಮಲಗುವ ತನಕ ಮಗುವಿನ ಎದುರಿಗೆ ಕೂತು, ಬೆಳಕು ನಮ್ಮ ಮುಖದ ಮೇಲೆ ಬೀಳುವ ಹಾಗೆ ನೋಡಿಕೊಂಡು, ಮಾಡುವ ಪ್ರತಿ ಕೆಲಸವನ್ನೂ ಹೇಳುತ್ತಿರಬೇಕು. ಇದು ಲೋಟ. ಲೋಟ ಬಿಸಿ. ಲೋಟ ತೊಳೆದೆ. ಕೂಗಬಾರದು. ಒಂದು ಮಾತನ್ನು ಸಾವಿರ ಸಲವಾದರೂ ಹೇಳಬೇಕು. ಮುಖ್ಯವಾಗಿ ಕೈಸನ್ನೆ ಮಾಡಲೇಬಾರದು; ಕೈ ಕಲಿತರೆ ಬಾಯಿ ಸೋಮಾರಿಯಾಗುತ್ತದೆ ಎಂದರು. ತಡವಾಗಿದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. “ಮಾತು ಹಿಡಿಯೋ ವಯಸ್ಸು ದಾಟ್ತಾ ಇದೆ. ಆದ್ರೂ ಮಾಡೋಣ.”

ಮಗಳಿಗೆ ಕಿವಿ ಕೇಳಿಸುವ ಒಂದು ಯಂತ್ರ ಕೊಟ್ಟರು. ಆಗಿನ ಕಾಲದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಅದನ್ನು ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ ಕಟ್ಟಬೇಕು. ಪೆಟ್ಟಿಗೆಯಿಂದ ವೈರು, ವೈರಿನ ತುದಿಯಲ್ಲಿ ಕಿವಿಯ ಅಳತೆಗೆ ಮಾಡಿದ ಅಚ್ಚು. ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತದೆ. ಹೆಂಡತಿ ಬಣ್ಣಬಣ್ಣದ ಚೀಲಗಳನ್ನು ಹೊಲಿದಳು, ಫ್ರಾಕಿಗೊಂದು.

ತುಮಕೂರಿಗೆ ಬಂದ ಮಾರನೆಯ ಬೆಳಗ್ಗೆ ಕೌಂಟರ್ ಪಕ್ಕದ ಸ್ಟೂಲಿನ ಮೇಲೆ ಮಗಳನ್ನು ಕೂರಿಸಿ ಹೆಂಡತಿ ಯಂತ್ರ ಹಾಕಿದಳು. ಗಿರಾಕಿ ಬಂದು ಅರ್ಧ ಕೇಜಿ ಪುಡಿ ಕೇಳಿದರು. ನಾನು ಬೀಜ ಸುರಿದು ಸ್ವಿಚ್ ಹಾಕಿದೆ. ಮಗಳು ಕಿಟಾರನೆ ಕಿರುಚಿ ಅಚ್ಚನ್ನು ಕಿವಿಯಿಂದ ಕಿತ್ತು ಎಸೆದಳು. ಆ ಯಂತ್ರಕ್ಕೆ ಮಾತು ಯಾವುದು, ಗದ್ದಲ ಯಾವುದು ಎಂಬ ಭೇದವಿಲ್ಲ. ಎಲ್ಲವನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ಬರೀ ಕಿವಿಗೆ ಏನೂ ಅಲ್ಲದ ಮೆಷಿನ್ನು ಯಂತ್ರದ ಮೂಲಕ ಅವಳಿಗೆ ಏಟಿನ ಹಾಗೆ ಬಿದ್ದಿರಬೇಕು.

ಅದೊಂದೇ ಆಗಿದ್ದರೆ ಏನಾದರೂ ಮಾಡಬಹುದಿತ್ತು. ಪೆಟ್ಟಿಗೆಯ ತಲೆಯ ಮೇಲೆ ಸದ್ದು ಒಳಗೆ ಹೋಗಲು ಸಣ್ಣ ಜಾಲರಿ ಇತ್ತು. ಪುಡಿ ಮಾಡುವಾಗ ಗಾಳಿಯಲ್ಲಿ ಏಳುವ ಧೂಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಸಂಜೆ ನನ್ನ ಹುಬ್ಬು ಕೆಂಪಗಾಗಿರುತ್ತಿತ್ತು. ಆ ಧೂಳು ಜಾಲರಿಯಲ್ಲಿ ಕೂತು, ಬೆವರಿಗೆ ಅಂಟಿ, ವೈರಿನ ಪಿನ್ನಿಗೂ ಇಳಿಯಿತು. ಪೇಂಟ್ ಬ್ರಷ್ಷಿನಿಂದ ದಿನಾ ಒರೆಸಿದರೂ ತಿಂಗಳೊಳಗೆ ಯಂತ್ರ ಕರಕರ ಅಂದು ನಿಂತಿತು. ರಿಪೇರಿಗೆ ಮೈಸೂರಿಗೇ ಒಯ್ಯಬೇಕು. ಅದು ವಾಪಸು ಬರುವ ತನಕ ಮಗುವಿನ ಕಿವಿ ಖಾಲಿ, ಕಲಿತಿದ್ದೂ ಖಾಲಿ.

ನಾನು ಏನೇನೋ ಮಾಡಿದೆ. ಮೋಟರಿನ ಕೆಳಗೆ ಹಳೆಯ ಟಯರಿನ ತುಂಡು ಇಟ್ಟೆ. ಸುತ್ತ ಗೋಣಿಚೀಲದ ಪರದೆ ಕಟ್ಟಿದೆ; ಬಿಸಿಗೆ ಮೋಟರು ವಾಸನೆ ಬರತೊಡಗಿತು. ಬೆಳಗ್ಗೆಯೇ ಒಟ್ಟಿಗೆ ಪುಡಿ ಮಾಡಿ ಡಬ್ಬಕ್ಕೆ ತುಂಬಿಟ್ಟೆ. ಗಿರಾಕಿಗಳು ಡಬ್ಬ ನೋಡಿ, “ಯಾವತ್ತಿಂದೋ ಏನೋ! ಕಣ್ಣೆದುರಿಗೆ ಮಾಡ್ಕೊಡಿ ಸ್ವಾಮಿ” ಎಂದರು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವ ಹಾಗಿರಲಿಲ್ಲ, ಬಂದಾಗ ಓಡಿಸಲೇಬೇಕು. ಬೇರೆ ಕಡೆ ಮನೆ ಮಾಡಿದರೆ ಕೌಂಟರಿಗೆ ಹೆಂಡತಿ ಇಲ್ಲ. ಹೆಂಡತಿ ಕೌಂಟರಿನಲ್ಲಿದ್ದರೆ ಮಗಳು ಮೆಷಿನ್ನಿನ ಬಾಯಲ್ಲಿ.

ಗುಬ್ಬಿಯ ಮಳಿಗೆಯ ಬೀಗದ ಕೈ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಅಡ್ವಾನ್ಸ್ ಹೋದರೆ ಹೋಗಲಿ, ಅದನ್ನು ಬಿಟ್ಟುಬಿಡೋಣ ಎಂದು ಒಂದು ಮಧ್ಯಾಹ್ನ ಹೆಂಡತಿಗೆ ಹೇಳಿದೆ. ಅವಳು ಫಿಲ್ಟರಿಗೆ ಪುಡಿ ಹಾಕಿ ಒತ್ತುತ್ತಿದ್ದಳು. ತಲೆ ಎತ್ತದೆ ಹೇಳಿದಳು.

“ಗುಬ್ಬಿ ಬಿಡ್ಬೇಡಿ. ಮೆಷಿನ್ನ ಅಲ್ಲಿಗೆ ತಗೊಂಡ್ಹೋಗಿ.”

“ಇಲ್ಲಿ?”

“ಇಲ್ಲಿ ಬರೀ ಕೌಂಟರ್ ಇರ್ಲಿ. ನಾನು ನೋಡ್ಕೋತೀನಿ. ಪುಡಿ ಅಲ್ಲಿಂದ ಕಳ್ಸಿ.”

“ನಾನು ಅಲ್ಲಿರ್ಬೇಕಾಗುತ್ತೆ ಕಣೇ. ಬೆಳಗಿನ ಜಾವ ಹುರಿದು ಮೊದಲನೇ ಬಸ್ಸಿಗೆ ಹಾಕ್ಬೇಕು.”

“ಇರಿ,” ಎಂದಳು. ಫಿಲ್ಟರಿನ ಮುಚ್ಚಳ ಹಾಕಿ ಮಗಳ ಎದುರಿಗೆ ಹೋಗಿ ಕೂತು, “ಫಿಲ್ಟರ್. ಮುಚ್ಚಳ. ಮುಚ್ಚಳ ಹಾಕ್ದೆ” ಎಂದು ಶುರುಮಾಡಿದಳು.

ಅಮ್ಮನಿಗೆ ಇದು ಹಿಡಿಸಲಿಲ್ಲ. “ಏನ್ಲಾ, ಹೊಸ ಅಂಗಡಿ ಅಂತ ಗಂಡ ಒಂದೂರು ಹೆಂಡ್ತಿ ಒಂದೂರು ಆದ್ರೆ ಅದು ಸಂಸಾರವೇನ್ಲಾ?” ಎಂದರು. ಮಗುವಿಗೋಸ್ಕರ ಎಂದೆ. “ಮಗೀಗೆ ಅಪ್ಪ ಬ್ಯಾಡ್ವೇನೋ?” ಎಂದು ಕೇಳಿ ಒಳಗೆ ಹೋದರು.

ಮೆಷಿನ್ನನ್ನು ಬಿಚ್ಚಿ, ಹುರಿಯುವ ಡ್ರಮ್ಮಿನ ಜೊತೆ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋದೆ. ಎಲ್ಲರೂ ನಮ್ಮ ಅಂಗಡಿ ಬೆಳೆಯಿತು ಎಂದೇ ತಿಳಿದರು. ಗುಬ್ಬಿಯ ಮಳಿಗೆಯ ಮಾಲೀಕರು ಕೊಬ್ಬರಿ ವ್ಯಾಪಾರಿ. ಪೂಜೆಯ ದಿನ ಹಾರ ತಂದು ಬಾಗಿಲಿಗೆ ತಾವೇ ಕಟ್ಟಿ, “ತುಮಕೂರಲ್ಲಿ ಒಂದು, ಗುಬ್ಬೀಲಿ ಒಂದು. ಮುಂದೆ ತಿಪಟೂರಾ ಸ್ವಾಮಿ?” ಎಂದು ನಕ್ಕರು. ನಾನೂ ನಕ್ಕೆ.

ಬೆಳಗಿನ ಜಾವ ಎದ್ದು ಇದ್ದಿಲು ಹೊತ್ತಿಸಿ ಡ್ರಮ್ ತಿರುಗಿಸುವುದು. ಬೀಜ ಚಟಪಟ ಸಿಡಿದು, ಬಣ್ಣ ತಿರುಗಿ, ಮೈಮೇಲೆ ಎಣ್ಣೆ ಜಿನುಗುವ ಮೊದಲೇ ತಟ್ಟೆಗೆ ಸುರಿದು ಆರಿಸುವುದು. ಆಮೇಲೆ ಪುಡಿ. ಇಲ್ಲೊಂದು ತೊಡಕು ಬಂತು. ಮೆಷಿನ್ನಿನಿಂದ ಬರುವ ಪುಡಿ ಬಿಸಿಯಾಗಿರುತ್ತದೆ. ಅದು ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಬೇಕು. ಇಲ್ಲದಿದ್ದರೆ ಒಳಗೆ ಹಬೆಯಾಡಿ ಪುಡಿ ಗಂಟಾಗುತ್ತದೆ, ಘಮ ಸಾಯುತ್ತದೆ. ಆದರೆ ಮೊದಲನೇ ಬಸ್ಸು ಪುಡಿ ಆರುವ ತನಕ ನಿಲ್ಲುವುದಿಲ್ಲ. ಹಿಂದಿನ ದಿನವೇ ಮಾಡಿಟ್ಟರೆ ಆರುತ್ತದೆ, ಆದರೆ ಹಳತಾಗುತ್ತದೆ. ಎರಡು ಥರದಲ್ಲೂ ಮಾಡಿ ನೋಡಿದೆ. ಕಂಡಕ್ಟರ ಸೀಟಿನ ಕೆಳಗೆ ಡಬ್ಬ ಇಟ್ಟು ಕಳಿಸಿದರೆ ಸಂಜೆ ಎಸ್‌ಟಿಡಿ ಬೂತಿನಿಂದ ಹೆಂಡತಿಯ ಫೋನು ಬರುತ್ತಿತ್ತು. “ಇವತ್ತೂ ಡಿಕಾಕ್ಷನ್ ತೆಳ್ಳಗೆ ಬಂತು ಕಣ್ರೀ.”

ತುಮಕೂರಿನ ಬೀದಿಯಲ್ಲಿ ನಮ್ಮ ಅಂಗಡಿಯ ವಾಸನೆ ಇಲ್ಲವಾಯಿತು. ನಮಗೆ ಬೋರ್ಡೇ ಬೇಕಿರಲಿಲ್ಲ ಮೊದಲು. ಮೆಷಿನ್ ಓಡಿದರೆ ಬೀದಿಯ ತುದಿಯವರೆಗೂ ಗೊತ್ತಾಗುತ್ತಿತ್ತು. ಪುಡಿಯ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಕೌಂಟರಿಗೆ ಬರುವವರು ಉಳಿದರು. ಅವರಲ್ಲಿ ಕೋರ್ಟಿನ ಗುಮಾಸ್ತರೊಬ್ಬರು ದಿನಾ ಮಗಳ ಎದುರು ಬಗ್ಗಿ ನಿಂತು, ಮೀಸೆ ತುಟಿಗೆ ಅಡ್ಡ ಬರುತ್ತದೆಂದು ಬೆರಳಲ್ಲಿ ಎತ್ತಿ ಹಿಡಿದು, “ಕಾಫಿ ಕೊಡಮ್ಮಾ” ಅನ್ನುತ್ತಿದ್ದರಂತೆ. ಹೆಂಡತಿ ದಿನವಿಡೀ ಮಾತಾಡಿದಳು. ಸನ್ನೆ ಬರಬಾರದೆಂದು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಮಾತಾಡಿದಳು. ಮೊದಲು ಹಾಡುತ್ತಿದ್ದವಳದು, ಎರಡನೇ ವರ್ಷಕ್ಕೆ ಗಂಟಲು ಒಡೆದು ಗಂಡಸಿನ ದನಿಯಾಯಿತು.

ಒಂದು ಭಾನುವಾರ ನಾನು ಬಸ್ಸಿಳಿದು ಬರುವಾಗ ಮಗಳು ಬಾಗಿಲಲ್ಲಿದ್ದಳು. ನನ್ನನ್ನು ನೋಡಿ ತುಟಿ ಒತ್ತಿ ಬಿಟ್ಟು, “ಅಪ್ಪ” ಎಂದಳು.

ಚೀಲ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಇನ್ನೊಮ್ಮೆ ಹೇಳು ಎಂದೆ. ಹೇಳಿದಳು. ಹೆಂಡತಿ ಒಳಗಿನಿಂದ ಬಂದು ನಿಂತಿದ್ದಳು. ನಗುತ್ತಿದ್ದಳು, ಆದರೆ ಸ್ವಲ್ಪ ಹೊತ್ತಿಗೆ, “ದಿನಾ ಬಡ್ಕೊಳ್ಳೋಳು ನಾನು. ಬಂದಿದ್ದು ನಿಮ್ಮ ಹೆಸ್ರು” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಪಕಾರ ತುಟಿಯ ಮೇಲೆ ಕಾಣುತ್ತದೆ, ಅದಕ್ಕೆ ಬೇಗ ಬರುತ್ತದೆ; ಮಕಾರದ ದನಿ ಮೂಗಿನಲ್ಲಿ, ಅದು ಕಾಣುವುದಿಲ್ಲ ಎಂದು ಟೀಚರ್ ಆಮೇಲೆ ಹೇಳಿದರು. ಅಮ್ಮ ಅನ್ನುವುದು ಬರಲು ಇನ್ನೂ ಬಹಳ ತಿಂಗಳು ಹಿಡಿಯಿತು.

ಆ ಒಂದು ಮಾತಿನ ಮೇಲೆ ನಾವು ವರ್ಷಗಳನ್ನು ಕಳೆದೆವು. ಗುಬ್ಬಿಯಲ್ಲಿ ಸಂತೆಯ ದಿನ ಬಿಟ್ಟರೆ ವ್ಯಾಪಾರ ಅಷ್ಟಕ್ಕಷ್ಟೇ. ಅಲ್ಲಿಯ ಜನಕ್ಕೆ ಟೀ ಅಭ್ಯಾಸ. ಒಂದಿಷ್ಟು ಹೋಟೆಲಿನವರು ಪುಡಿ ತೆಗೆದುಕೊಳ್ಳುತ್ತಿದ್ದರಿಂದ ಮೆಷಿನ್ನು ಓಡುತ್ತಿತ್ತು. ತುಮಕೂರಿನ ಕೌಂಟರಿನಲ್ಲೂ ಹೆಂಡತಿ ಟೀ ಮಾಡತೊಡಗಿದಳು. ನಡುವೆ ಅಮ್ಮ ತೀರಿಕೊಂಡರು. ಮಗಳ ಮಾತುಗಳು ಇಪ್ಪತ್ತರ ಆಸುಪಾಸಿನಲ್ಲೇ ನಿಂತವು, ಅದೂ ಹೆಂಡತಿಗೆ ಬಿಟ್ಟರೆ ಬೇರೆಯವರಿಗೆ ಅರ್ಥವಾಗದವು. ಶಾಲೆಯಲ್ಲಿ ಅವಳ ಜೊತೆಯವರು ಮುಂದಕ್ಕೆ ಹೋದರು; ಅವಳು ಅದೇ ಬೆಂಚಿನಲ್ಲಿ ಬೇರೆ ಬೇರೆ ಮಕ್ಕಳ ಪಕ್ಕದಲ್ಲಿ ಕೂತಳು.

ಮೈಸೂರಿನ ಕೊನೆಯ ಭೇಟಿಗೆ ನಾನೂ ಹೋಗಿದ್ದೆ. ಟೀಚರಿಗೂ ವಯಸ್ಸಾಗಿತ್ತು. ಮಗಳನ್ನು ಆಡಲು ಕಳಿಸಿ ನಮ್ಮನ್ನು ಕೂರಿಸಿಕೊಂಡರು.

“ನೀವು ಮಾಡಿದಷ್ಟು ಯಾರೂ ಮಾಡಿಲ್ಲಮ್ಮ. ಆದ್ರೆ ಇದಕ್ಕಿಂತ ಮುಂದೆ ಹೋಗಲ್ಲ ಅನ್ಸುತ್ತೆ. ಇನ್ನು ಕೈಭಾಷೆ ಕಲಿಸೋ ಶಾಲೆಗೆ ಸೇರ್ಸಿ. ಓದು ಬರಹನಾದ್ರೂ ಬರ್ಲಿ.”

ಹೆಂಡತಿ ಕೇಳಿದಳು, “ಹಂಗಾದ್ರೆ ಇಷ್ಟು ವರ್ಷ ನಾನು ಕೈ ಕಟ್ಕೊಂಡಿದ್ದು ಯಾಕೆ ಮೇಡಂ?”

ಟೀಚರ್ ಅವಳ ಕೈ ಹಿಡಿದುಕೊಂಡರು. “ಆಗ ನಮಗೆ ಗೊತ್ತಿದ್ದಿದ್ದು ಅದೇ.” ನಾವು ಏಳುವಾಗ, “ಇರೋ ಮಾತುಗಳನ್ನ ದಿನಾ ಆಡಿಸ್ತಾ ಇರಿ. ತನ್ನ ದನಿ ತನಗೇ ಕೇಳ್ದಿದ್ರೆ ಮಾತು ಸವೆದು ಹೋಗುತ್ತೆ” ಎಂದರು.

ತುಮಕೂರಿನಲ್ಲೇ ಅಂಥ ಶಾಲೆಯೊಂದಕ್ಕೆ ಸೇರಿಸಿದೆವು. ಮಗಳು ಅಲ್ಲಿಗೆ ಓಡಿಕೊಂಡು ಹೋದಳು. ಸಂಜೆ ಗೆಳತಿಯರ ಜೊತೆ ಗೇಟಿನಲ್ಲಿ ನಿಂತು ಬೆರಳುಗಳಲ್ಲಿ ಎಷ್ಟೋ ಹೊತ್ತು ಏನೇನೋ ಹೇಳಿ ನಗುತ್ತಿದ್ದಳು. ಮನೆಗೆ ಬಂದರೆ ನಮಗೆ ಆ ಭಾಷೆ ಬಾರದು. ಹೆಂಡತಿ ಎರಡು ದಿನ ಶಾಲೆಗೆ ಹೋಗಿ ಕಲಿಯಲು ನೋಡಿದಳು. ಸೆರಗಿನೊಳಗೆ ಇದ್ದೂ ಇದ್ದೂ ಅವಳ ಕೈ ಏಳಲಿಲ್ಲ. ಯಂತ್ರ ಮಗಳಿಗೆ ಬೇಡವಾಯಿತು. ಹಾಕಲು ಹೋದರೆ ತಲೆ ಹಿಂದಕ್ಕೆಳೆಯುತ್ತಿದ್ದಳು.

ಒಂದು ಭಾನುವಾರ ಊಟವಾದ ಮೇಲೆ ಹೆಂಡತಿ ಪೆಟ್ಟಿಗೆಯಿಂದ ಸೆಲ್ ತೆಗೆದು, ವೈರು ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿಟ್ಟಳು. ಬಂದು ನನ್ನ ಎದುರಿಗೆ ಕೂತಳು.

“ಇನ್ನೇನ್ರೀ. ಮೆಷಿನ್ ತಂದ್ಬಿಡಿ ಇಲ್ಲಿಗೆ.”

ಅವಳ ಮಾತು ಸರಿಯಾಗಿತ್ತು. ಮನೆಯಲ್ಲಿ ಸದ್ದಿರಬಾರದು ಅನ್ನುವುದಕ್ಕೆ ಇನ್ನು ಕಾರಣವಿರಲಿಲ್ಲ. ಗುಬ್ಬಿಯದನ್ನು ಮುಚ್ಚಿ ಬಂದರೆ ಒಂದೇ ಬಾಡಿಗೆ, ಒಂದೇ ಒಲೆ. ಹಳೆಯ ಗಿರಾಕಿಗಳು ಕೆಲವರಾದರೂ ತಿರುಗಿ ಬಂದಾರು. ನೋಡೋಣ ಎಂದೆ. ಸೋಮವಾರ ಬಸ್ಸು ಹತ್ತಿದೆ. ಆ ವಾರ ಮೆಷಿನ್ನಿನ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಸ್ಪ್ಯಾನರ್ ಹಿಡಿದೆ. ಒಂದು ಬೋಲ್ಟು ಸಡಿಲ ಮಾಡಿದವನು ಮತ್ತೆ ಬಿಗಿ ಮಾಡಿದೆ. ಮೆಷಿನ್ನು ತುಮಕೂರಿನ ಆ ಗೋಡೆಯ ಪಕ್ಕದಲ್ಲಿ ಮತ್ತೆ ಓಡಿದರೆ, ಮಗಳಿಗೆ ಇನ್ನು ಏನೂ ಕೇಳುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಹಾಗೆಂದು ನಾನು ಹೆಂಡತಿಗೆ ಹೇಳಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಈಗಲೂ ಮೆಷಿನ್ನು ಗುಬ್ಬಿಯಲ್ಲೇ ಇದೆ, ನಾನೂ.

ಎರಡು ಸಾವಿರದ ನಂತರ ಹೆಂಡತಿ ಕೌಂಟರ್ ಮೇಲೆ ಒಂದು ರೂಪಾಯಿಯ ಕಾಯಿನ್ ಫೋನು ಇಡಿಸಿದಳು. ಗಿರಾಕಿಗಳು ಅದರೊಳಗೆ ಮಾತಾಡಿ ನಗುವುದನ್ನು, ಬೈಯುವುದನ್ನು ಮಗಳು ನೋಡಿದ್ದಾಳೆ. ತನಗೂ ಬೇಕು ಎಂದು ಹಟ ಹಿಡಿದಳಂತೆ. ಅವತ್ತಿನಿಂದ ಸಂಜೆ ಅಂಗಡಿ ಬಾಗಿಲು ಹಾಕುವ ಮುಂಚೆ ಹೆಂಡತಿ ಗುಬ್ಬಿಯ ನಂಬರ್ ಒತ್ತಿ ರಿಸೀವರನ್ನು ಮಗಳ ಕೈಗೆ ಕೊಡುತ್ತಾಳೆ. ನಾನು ಮೆಷಿನ್ ನಿಲ್ಲಿಸಿ ಎತ್ತುತ್ತೇನೆ. ಆ ಕಡೆಯಿಂದ “ಅಪ್ಪ” ಅನ್ನುತ್ತಾಳೆ. ನಾನು “ಏನಮ್ಮಾ, ಊಟ ಆಯ್ತಾ?” ಅನ್ನುತ್ತೇನೆ. ಅಷ್ಟರಲ್ಲಿ ಅವಳು ರಿಸೀವರನ್ನು ಅಮ್ಮನಿಗೆ ಕೊಟ್ಟು ಹೋಗಿರುತ್ತಾಳೆ.

ಮೊದಮೊದಲು ಮಾತು ಗಟ್ಟಿಯಾಗಿತ್ತು, ಬಾಗಿಲಲ್ಲಿ ನಿಂತು ಹೇಳಿದಂಥದ್ದೇ. ವರ್ಷ ಕಳೆದಂತೆ ಪಕಾರದ ಒತ್ತು ಹೋಗಿ “ಅಬ” ಆಯಿತು. ಆಮೇಲೆ ತುಟಿ ಪೂರಾ ಸೇರುವುದೂ ನಿಂತು “ಅವ” ಎನ್ನುವ ಹಾಗೆ ಕೇಳತೊಡಗಿತು. ಪಕ್ಕದಲ್ಲಿದ್ದು ದಿನಾ ಮುಖ ನೋಡುವ ಹೆಂಡತಿಗೆ ಇದು ತಿಳಿಯುತ್ತಿತ್ತೋ ಇಲ್ಲವೋ. ನನಗೆ ಮುಖ ಕಾಣುವುದಿಲ್ಲ, ದನಿ ಮಾತ್ರ.

ಮೊನ್ನೆ ಫೋನು ಬಂದಾಗ ಎತ್ತಿಕೊಂಡು ಕಾದೆ. ಆ ಕಡೆ ಉಸಿರು ಕೇಳಿಸಿತು. ಆಮೇಲೆ ಯಾವ ಅಕ್ಷರವೂ ಅಲ್ಲದ ಒಂದು ಸದ್ದು, ಗಂಟಲಿನಿಂದ. ಆಮೇಲೆ ರಿಸೀವರ್ ಕೈ ಬದಲಾಯಿತು.

“ಹೇಳಿದ್ಲಾ?” ಎಂದು ಹೆಂಡತಿ ಕೇಳಿದಳು.

“ಹೇಳಿದ್ಲು ಕಣೇ,” ಎಂದೆ.